ಮನಸ್ಸಾಕ್ಷಿಯ ಸೊಸೆ

ನನ್ನ ಅತ್ತೆ ಒಂದು ಕಾಲದಲ್ಲಿ ಇಡೀ ಮೈಸೂರು ಸೀಮೆಗೆ ಮನಸ್ಸಾಕ್ಷಿಯಾಗಿದ್ದವರು. ನಗಬೇಡಿ! ಸೊಸೆಯಾದವಳು ಕೊಂಕು ತೆಗೆದು ಹೇಳುತ್ತಿರುವ ಮಾತಲ್ಲ ಇದು. ರೇಡಿಯೋದವರೇ ಕರೆಸಿ, ಧ್ವನಿ ಪರೀಕ್ಷೆ ಮಾಡಿ, ಪಾತ್ರದ ಹೆಸರು ‘ಮನಸ್ಸಾಕ್ಷಿ’ ಎಂದು ಬರೆದಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟಿದ್ದರು. ಉಳಿದವರಿಗೆಲ್ಲ ಮನಸ್ಸಾಕ್ಷಿ ಎದೆಯೊಳಗೆ ಎಲ್ಲೋ ತೆಪ್ಪಗೆ ಬಿದ್ದಿರುತ್ತದೆ. ನನಗೆ ಮಾತ್ರ ಅದು ಪ್ರತಿ ಬೇಸಿಗೆಯಲ್ಲೂ ವೀಸಾ ಮಾಡಿಸಿಕೊಂಡು, ಚಟ್ನಿಪುಡಿ ಹುಳಿಪುಡಿ ಕಟ್ಟಿಕೊಂಡು, ವಿಮಾನ ಹತ್ತಿ ಸ್ವೀಡನ್ನಿಗೆ ಬರುತ್ತದೆ. ಬಂದು ಎಸ್ಕಿಲ್‌ಸ್ಟುನಾದ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಮೂರು ತಿಂಗಳು ಕಾಲು ನೀಡಿ ಕೂರುತ್ತದೆ. ಅತ್ತೆಯೊಬ್ಬರು ಸಾಲದು ಅಂತ ಮನಸ್ಸಾಕ್ಷಿಯೂ ಅವರೇ ಆಗಿಬಿಟ್ಟರೆ ಸೊಸೆಯ ಗತಿ ಏನಾಗಬೇಕು, ನೀವೇ ಹೇಳಿ!

ಆ ನಾಟಕದ ಕಥೆ ಮೊದಲು ಹೇಳಿಬಿಡುತ್ತೇನೆ. ಅದು ರೇಡಿಯೋ ನಾಟಕ. ಮನೆಮಂದಿಯೆಲ್ಲ ದೀಪ ಸಣ್ಣದು ಮಾಡಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೇಳಿದ ನಾಟಕವಂತೆ. ಒಬ್ಬ ಮನುಷ್ಯ ಜಮೀನಿನ ಆಸೆಗೆ ತನ್ನ ದಾಯಾದಿಯನ್ನು ಹಿತ್ತಲ ಹಾಳುಬಾವಿಗೆ ತಳ್ಳಿ ಸಾಯಿಸುತ್ತಾನೆ. ಯಾರೂ ನೋಡಿಲ್ಲ. ದಾಯಾದಿ ಕಾಶಿಗೆ ಹೋದ ಅಂತ ಊರಿಗೆಲ್ಲ ಸುಳ್ಳು ಹೇಳಿದರೆ ಊರೂ ನಂಬುತ್ತದೆ. ಆದರೆ ಮರುದಿನದಿಂದ ಕೊಲೆಗಾರನಿಗೆ, ಯಾರೂ ನೀರು ಸೇದದಿದ್ದರೂ, ಬಾವಿಯ ರಾಟೆ ಕಿರ್ರ್ ಕಿರ್ರ್ ಎನ್ನುವುದು ಕೇಳಿಸತೊಡಗುತ್ತದೆ. ಕಿರ್ರ್ ನಿಂತ ಮೇಲೆ ಒಂದು ಹೆಣ್ಣು ದನಿ: “ನಾನು ನೋಡಿದೆ... ಎಲ್ಲಾ ನೋಡಿದೆ...” ಅದೇ ನಮ್ಮ ಅತ್ತೆ! ಅವನು ಉಣ್ಣಲು ಕೂತರೆ “ನಾನು ನೋಡಿದೆ”, ದೇವರ ಮುಂದೆ ಕೈ ಮುಗಿದರೆ “ನಾನು ನೋಡಿದೆ”. ಕೊನೆಗೆ ಒಂದು ಮಧ್ಯಾಹ್ನ, ಬಿಸಿಲಲ್ಲಿ ನಡೆದು ದಣಿದ ಪೊಲೀಸ್ ಪೇದೆಯೊಬ್ಬ ಬಾಗಿಲಿಗೆ ಬಂದು, “ಸ್ವಾಮಿ, ಕುಡಿಯೋಕೆ ಒಂದು ಲೋಟ ನೀರು ಕೊಡ್ತೀರಾ?” ಎನ್ನುತ್ತಾನೆ. ಪಾಪ, ಅವನಿಗೆ ಬೇಕಾಗಿದ್ದದ್ದು ನೀರಷ್ಟೇ. ಕೊಲೆಗಾರ “ಕೊಂದೆ! ನಾನೇ ಕೊಂದುಬಿಟ್ಟೆ! ಬಾವೀಲಿದಾನೆ!” ಎಂದು ಕಿರುಚಿ ಪೇದೆಯ ಕಾಲಿಗೆ ಬೀಳುತ್ತಾನೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಬಾವಿಯ ತಳದಿಂದ ಎದ್ದು ಬಂದಂಥ ಆ ದನಿಯನ್ನು ಹೊರಡಿಸಿದ್ದು ಹೇಗೆ ಗೊತ್ತೇ? ನಿರ್ದೇಶಕರು ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಒಂದು ತಾಮ್ರದ ಕೊಡ ಇಟ್ಟು, “ಇದರೊಳಗೆ ಮುಖ ಇಟ್ಟು ಹೇಳಮ್ಮ” ಎಂದರಂತೆ. ಅತ್ತೆ ಇಡೀ ನಾಟಕವನ್ನು ಕೊಡಕ್ಕೆ ಮುಖ ಕೊಟ್ಟೇ ಮುಗಿಸಿದರು. ಹುಣಸೆಹಣ್ಣು ಹಾಕಿ ತೊಳೆದ ಕೊಡವಾಗಿದ್ದರಿಂದ ಈಗಲೂ ಆ ಸಂಭಾಷಣೆ ಹೇಳುವಾಗ ಬಾಯಲ್ಲಿ ನೀರೂರುತ್ತದೆ ಎನ್ನುತ್ತಾರೆ!

ನಾಟಕ ಪ್ರಸಾರವಾದ ಮೇಲೆ ಅತ್ತೆ ಮಾರುಕಟ್ಟೆಗೆ ಹೋಗಿ “ಬದನೆಕಾಯಿ ಹೇಗಪ್ಪ?” ಅಂದರೆ ಸಾಕು, ದನಿ ಗುರುತು ಹಿಡಿದ ತರಕಾರಿಯವನು ತಕ್ಕಡಿಯ ಕೆಳಗೆ ಕಳ್ಳತೂಕಕ್ಕೆಂದು ಅಂಟಿಸಿದ್ದನ್ನು ಕಿತ್ತು ಎಸೆಯುತ್ತಿದ್ದನಂತೆ. ಇದು ಅತ್ತೆ ಹೇಳಿದ್ದು. ಅರ್ಧ ಕಡಿಮೆ ಮಾಡಿ ನಂಬಿದರೂ ಭಯವಾಗುತ್ತದೆ. ಆದರೆ ನಮ್ಮ ಮಾವನವರ ಕಥೆಯನ್ನು ಕಡಿಮೆ ಮಾಡುವ ಹಾಗಿಲ್ಲ, ಏಕೆಂದರೆ ಅದನ್ನು ಅವರೇ ಸ್ವತಃ ನನಗೆ ಹೇಳಿದ್ದರು. ಹೆಣ್ಣು ನೋಡಲು ಹೋದಾಗ ಎಲ್ಲರೂ ಕೇಳುವಂತೆ ಇವರ ಕಡೆಯವರೂ “ಹುಡುಗಿಗೆ ಹಾಡು ಬರುತ್ತಾ?” ಎಂದು ಕೇಳಿದರಂತೆ. “ಹಾಡು ಬರಲ್ಲ, ನಾಟಕದ ಮಾತು ಹೇಳ್ತೀನಿ” ಎಂದ ಅತ್ತೆ ಒಳಗೆ ಹೋಗಿ ಕೊಡ ತಂದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ಮಾವನವರ ಎದುರಿಗೇ “ನಾನು ನೋಡಿದೆ... ಎಲ್ಲಾ ನೋಡಿದೆ...” ಎಂದರು. ಮಾವ ಬಿಳುಚಿಕೊಂಡು, ತಮ್ಮ ಅಪ್ಪನ ಕಡೆ ತಿರುಗಿ, “ದಿನಾ ಅಲ್ಲಪ್ಪ, ಯಾವಾಗಲೋ ಒಂದೊಂದು ಸಿಗರೇಟು ಅಷ್ಟೇ!” ಎಂದುಬಿಟ್ಟರಂತೆ. ಸಂಬಂಧ ಅಲ್ಲೇ ಕುದುರಿತು. ಸಿಗರೇಟು ಅಲ್ಲೇ ಬಿಟ್ಟುಹೋಯಿತು.

ಈಗ ಮಾವನವರಿಲ್ಲ. ಯಾರೋ ಪುಣ್ಯಾತ್ಮರು ಮರುಪ್ರಸಾರದ ಸಮಯದಲ್ಲಿ ಕ್ಯಾಸೆಟ್ಟಿಗೆ ಹಿಡಿದಿಟ್ಟ ಆ ನಾಟಕವನ್ನು ನಮ್ಮವರು, ಅಂದರೆ ಅತ್ತೆಯ ಮಗ, ಅಮ್ಮನ ಫೋನಿಗೆ ಇಳಿಸಿಕೊಟ್ಟಿದ್ದಾರೆ. ಸ್ವೀಡನ್ನಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಕಾಫಿ ಕುಡಿದು ತಿಂಡಿ ತಿನ್ನುವ ಹೊತ್ತೊಂದಿದೆ, ಅದಕ್ಕೆ ಫೀಕಾ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೂರು ತಿಂಗಳು ಫೀಕಾದ ಜೊತೆಗೆ ಒಂದು ಕೊಲೆಯೂ ಇರುತ್ತದೆ. ರಾಟೆ ಕಿರ್ರೆನ್ನುತ್ತದೆ, ಕೊಲೆಗಾರ ಕಿರುಚುತ್ತಾನೆ, ಅತ್ತೆ ಅವಲಕ್ಕಿ ತಿನ್ನುತ್ತಾ ತಮ್ಮ ದನಿಗೆ ತಾವೇ ತಲೆದೂಗುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡದಲ್ಲಿ ‘ಊಟ ಆಯ್ತಾ’ ಅನ್ನಲು ತಡವರಿಕೆ. ಆದರೆ ‘ದಾಯಾದಿಯ ರಕ್ತ ಕುಡಿದ ಪಾಪಿಷ್ಠನೇ’ ಅನ್ನುವುದು ನೀರು ಕುಡಿದಷ್ಟು ಸಲೀಸು! ಒಮ್ಮೆ ಶಾಲೆಯ ಟೀಚರು, ನಿಮ್ಮ ಭಾಷೆಯಲ್ಲಿ ಏನಾದರೂ ಹೇಳು ಅಂದಾಗ ಅದನ್ನೇ ಹೇಳಿ ಬಂದಿದ್ದಾಳೆ. ಟೀಚರಿಗೆ ಬಹಳ ಇಂಪಾಗಿ ಕೇಳಿಸಿತಂತೆ.

ಅತ್ತೆಗೆ ಇಲ್ಲಿಗೆ ಬಂದ ಮೊದಲ ವರ್ಷ ಇದ್ದ ದೊಡ್ಡ ಕೊರತೆ ಕೊಡದ್ದು. ತಾಮ್ರದ ಕೊಡವನ್ನು ವಿಮಾನಕ್ಕೆ ತರುತ್ತೇನೆಂದಾಗ ನಮ್ಮವರು ಫೋನಿನಲ್ಲೇ ಕೈ ಮುಗಿದಿದ್ದರು. ಹಾಗಾಗಿ ಇಲ್ಲಿನ ಹಳೇ ಸಾಮಾನಿನ ಸಂತೆಗೆ ಕರೆದುಕೊಂಡು ಹೋದೆ. ಲೊಪ್ಪಿಸ್ ಅನ್ನುತ್ತಾರೆ ಅದಕ್ಕೆ. ಅತ್ತೆ ಹೂಜಿ, ಹಂಡೆ, ಕೇಕಿನ ಅಚ್ಚು ಯಾವುದನ್ನೂ ಬಿಡದೆ ಒಂದೊಂದನ್ನೇ ಎತ್ತಿ, ಬೆರಳಲ್ಲಿ ಬಡಿದು, ಮುಖ ಒಳಗಿಟ್ಟು “ನಾನು ನೋಡಿದೆ” ಎಂದು ಪರೀಕ್ಷಿಸಿದರು. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಸ್ವೀಡಿಷ್ ಜನ ಎಂಥ ಸಭ್ಯರೆಂದರೆ, ಅಂಗಡಿಯ ತಾತ ಅಷ್ಟೂ ಹೊತ್ತು ಮೇಲಿನ ಚಾವಣಿಯನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಒಂದು ಹಾಲಿನ ಕ್ಯಾನು, ನೀಲಿ ಬಣ್ಣದ್ದು, ಪಾಸಾಯಿತು. ತಾತ ಅದನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವಾಗ ತಡೆಯಲಾರದೆ ಕೇಳಿದ: “ಇದರಲ್ಲಿ ಏನು ಹಾಕುತ್ತೀರಿ?”

“ಆತ್ಮ” ಎಂದರು ಅತ್ತೆ, ಕನ್ನಡದಲ್ಲಿ. ನಾನು ‘ಹೂವು’ ಎಂದು ಅನುವಾದ ಮಾಡಿದೆ.

ಆ ಕ್ಯಾನು ಬಂದ ಮೇಲೆ ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಇಲ್ಲವಾಯಿತು. ನಾನು ಡಯೆಟ್ ಎಂದು ಸಾರಿ, ಮಧ್ಯಾಹ್ನ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ದಾಲ್ಚಿನ್ನಿ ಬನ್ನು ಬಾಯಿಗಿಟ್ಟುಕೊಂಡರೆ ಬೆನ್ನ ಹಿಂದೆ ಬಾವಿಯ ದನಿ. ನಮ್ಮವರು ಮಣ್ಣು ಅಗೆಯುವ ಯಂತ್ರ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಮನೆಯಿಂದ ಕೆಲಸ ಮಾಡುವ ದಿನ ಕ್ಯಾಮೆರಾ ಆಫ್ ಮಾಡಿಕೊಂಡು ಮೀಟಿಂಗಿನಲ್ಲಿ ತೂಕಡಿಸುತ್ತಿದ್ದರೆ, ಸೋಫಾದ ಹಿಂದಿನಿಂದ ಅವರ ಹೆತ್ತ ತಾಯಿ “ಎಲ್ಲಾ ನೋಡಿದೆ...” ಎನ್ನುತ್ತಾರೆ. ಒಂದು ಸಲ ಮೈಕು ಮಾತ್ರ ಆನ್ ಇತ್ತು! ಅತ್ತ ಕಡೆಯ ಒಬ್ಬ ಸ್ವೀಡಿಷ್ ಸಹೋದ್ಯೋಗಿ ಗಾಬರಿಯಿಂದ, ವರದಿ ನಾಳೆ ಖಂಡಿತ ಕಳಿಸುತ್ತೇನೆ ಎಂದನಂತೆ. ಆ ವರದಿಯ ಸುದ್ದಿಯನ್ನು ನಮ್ಮವರು ಎತ್ತಿಯೇ ಇರಲಿಲ್ಲ!

ಇಲ್ಲಿನ ದಿನಸಿ ಅಂಗಡಿಗಳೆಂದರೆ ಅತ್ತೆಗೆ ಪ್ರಾಣ. ಗಿರಾಕಿಯೇ ಒಂದು ಯಂತ್ರ ಹಿಡಿದು, ತೆಗೆದುಕೊಂಡದ್ದಕ್ಕೆಲ್ಲ ತಾನೇ ಬೀಪ್ ಅನ್ನಿಸಿ, ಚೀಲಕ್ಕೆ ಹಾಕಿಕೊಂಡು ಹೋಗುವ ಏರ್ಪಾಡು ಅವರಿಗೆ ದೇವಸ್ಥಾನದಷ್ಟು ಹಿಡಿಸಿಬಿಟ್ಟಿದೆ. “ನೋಡು, ಇವರೆಲ್ಲ ಮನಸ್ಸಾಕ್ಷೀನ ನಂಬಿ ಅಂಗಡಿ ತೆರೆದಿದಾರೆ!” ಎಂದು ಕಣ್ಣು ತುಂಬಿಕೊಂಡರು. ಯಾವಾಗಲಾದರೊಮ್ಮೆ ಅಂಗಡಿಯವರು ಒಬ್ಬಿಬ್ಬರ ಚೀಲ ತಪಾಸಣೆ ಮಾಡುವುದುಂಟು. ಬೇರೆಯವರು ಆಗ ಮುಖ ಸಿಂಡರಿಸುತ್ತಾರೆ. ನಮ್ಮ ಅತ್ತೆ, ತಪಾಸಣೆ ಆಗದಿದ್ದರೆ ಮುಖ ಸಿಂಡರಿಸುತ್ತಾರೆ! “ಯಾಕೆ ನನ್ನ ಚೀಲ ನೋಡ್ಲಿಲ್ಲ? ನೋಡಮ್ಮ, ನೋಡು ಅಂತ ಹೇಳೇ ಆ ಹುಡುಗೀಗೆ.” ಒಮ್ಮೆ ಅದೇ ಅಂಗಡಿಯಲ್ಲಿ, ಬಿಡಿ ಮಿಠಾಯಿ ತುಂಬಿಟ್ಟ ಡಬ್ಬಗಳ ಹತ್ತಿರ, ಕೋಟು ಹಾಕಿದ ಗೌರವಸ್ಥನೊಬ್ಬ ಆಚೀಚೆ ನೋಡಿ ಒಂದು ಮಿಠಾಯಿಯನ್ನು ಬಾಯಿಗೆ ಎಸೆದುಕೊಂಡ. ಪಕ್ಕದ ಬಾಳೆಹಣ್ಣಿನ ರಾಶಿಯ ಹಿಂದಿನಿಂದ ಅತ್ತೆ, ಕ್ಯಾನಿಲ್ಲದೆಯೇ, ಎರಡು ಅಂಗೈ ಬಾಯಿಗೆ ಬೊಗಸೆಯಾಗಿ ಹಿಡಿದು ದನಿ ಬಿಟ್ಟರು. ಆ ಮನುಷ್ಯನಿಗೆ ಕನ್ನಡ ಬರುವ ಸಂಭವವೇ ಇಲ್ಲ. ಆದರೂ ಕಿವಿ ಕೆಂಪಗಾಗಿ, ಬಾಯಲ್ಲಿದ್ದದ್ದನ್ನು ನುಂಗಲಾಗದೆ ಉಗುಳಲಾಗದೆ ಒದ್ದಾಡಿ, ಬೇಡದಿದ್ದರೂ ಒಂದು ದೊಡ್ಡ ಪೊಟ್ಟಣ ಮಿಠಾಯಿ ತುಂಬಿಸಿಕೊಂಡು ಕೌಂಟರಿಗೆ ಓಡಿದ. ಮನಸ್ಸಾಕ್ಷಿಗೆ ಅನುವಾದದ ಹಂಗಿಲ್ಲ ಎಂದು ನನಗೆ ತಿಳಿದದ್ದು ಆವತ್ತೇ.

ಹೀಗೆ ಊರವರ ಪಾಪವನ್ನೆಲ್ಲ ಹಿಡಿದು ನಿಲ್ಲಿಸಿದ ನಮ್ಮ ಅತ್ತೆಯೇ ಕಳೆದ ಬೇಸಿಗೆಯಲ್ಲಿ ಒಂದು ಕೊಲೆ ಮಾಡಿದರು!

ನಮ್ಮ ಎದುರು ಬಾಗಿಲಿನಲ್ಲಿ ಗುನ್ನೆಲ್ ಎಂಬ ಅಜ್ಜಿ ಇದ್ದಾರೆ. ಅತ್ತೆಯ ವಯಸ್ಸೇ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಒಬ್ಬರೇ ಇರುತ್ತಾರೆ. ಅತ್ತೆ ಅವರನ್ನು ಗುನ್ನಮ್ಮ ಅನ್ನುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಮೆಟ್ಟಿಲ ಮೇಲೆ ಸಿಕ್ಕಾಗ ಇಬ್ಬರೂ ಮಂಡಿನೋವಿನ ಬಗ್ಗೆ ಬಹಳ ಹೊತ್ತು ಮಾತಾಡುತ್ತಾರೆ! ನಮ್ಮ ಕಟ್ಟಡ ಮೂಲೆಯಲ್ಲಿ ತಿರುಗುವುದರಿಂದ ನಮ್ಮ ಬಾಲ್ಕನಿಯಲ್ಲಿ ನಿಂತರೆ ಗುನ್ನೆಲ್ ಅವರ ಅಡುಗೆಮನೆಯ ಕಿಟಕಿ ಕಾಣುತ್ತದೆ. ಆ ಕಿಟಕಿಯ ಮೇಲೊಂದು ಜೆರೇನಿಯಂ ಗಿಡ, ತಿಳಿ ಗುಲಾಬಿ ಹೂವಿನದ್ದು.

“ಗುನ್ನಮ್ಮ ಬೆಳಗ್ಗೆ ಎದ್ದು ಕಾಫಿ ಹಿಡ್ಕೊಂಡು ಆ ಗಿಡದ ಹತ್ರ ಮಾತಾಡ್ತಾರೆ ಕಣೇ” ಎಂದರು ಅತ್ತೆ ಒಂದು ದಿನ, ಬಾಲ್ಕನಿಯಲ್ಲಿ ತಲೆ ಒಣಗಿಸಿಕೊಳ್ಳುತ್ತಾ.

“ಅತ್ತೆ, ಬೇರೆಯವರ ಕಿಟಕಿ ಒಳಗೆ ಹಾಗೆಲ್ಲ ನೋಡಬಾರದು. ಇಲ್ಲಿ ಅದು ಚೆನ್ನಾಗಿರಲ್ಲ.”

“ನೋಡೋದು ನನ್ನ ಕೆಲಸ. ನಿನಗೇನು?” ಎಂದು ತಲೆ ಕೊಡವಿದರು.

ಜುಲೈ ಬಂತೆಂದರೆ ಸ್ವೀಡನ್ನಿನಲ್ಲಿ ಯಾರೂ ಊರಲ್ಲಿರುವುದಿಲ್ಲ. ಕೆರೆ ದಂಡೆಯ, ಕಾಡಿನ ನಡುವಿನ ತಮ್ಮ ತಮ್ಮ ಪುಟ್ಟ ಬೇಸಿಗೆ ಮನೆಗಳಿಗೆ ಹೊರಟುಬಿಡುತ್ತಾರೆ. ಹೋಗುವ ಮುಂಚೆ ಗಿಡಕ್ಕೆ ನೀರು ಹಾಕಲು ಯಾರಿಗಾದರೂ ಬೀಗದ ಕೈ ಕೊಡುವುದು ವಾಡಿಕೆ. ಕೊಡುವವರಿಗೆ ಅದು ಸಣ್ಣ ವಿಷಯವಲ್ಲ, ನಂಬಿಕೆ ಇದ್ದರೆ ಮಾತ್ರ ಕೊಡುತ್ತಾರೆ. ಆ ಸಲ ಗುನ್ನೆಲ್ ಬೀಗದ ಕೈಯನ್ನು ನನಗಲ್ಲ, ನೇರ ಅತ್ತೆಯ ಅಂಗೈಯಲ್ಲಿಟ್ಟರು. ಒಳಗೆ ಕರೆದುಕೊಂಡು ಹೋಗಿ ಜೆರೇನಿಯಂ ತೋರಿಸಿ, ಇದು ನನ್ನ ಗಂಡ ಹೋಗುವ ಮುಂಚಿನ ಕೊನೆಯ ವಸಂತದಲ್ಲಿ ತಂದುಕೊಟ್ಟ ಗಿಡ, ಮಕ್ಕಳೂ ಇದನ್ನು ‘ಅಪ್ಪನ ಹೂವು’ ಎಂದೇ ಕರೆಯುತ್ತಾರೆ, ವಾರಕ್ಕೊಂದು ಸಲ ಒಂದು ಗುಟುಕು ನೀರು ಹಾಕಿದರೆ ಸಾಕು ಎಂದರು. ನಾನು ಅಕ್ಷರ ಬಿಡದೆ ಅನುವಾದ ಮಾಡಿದೆ. ಅತ್ತೆ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡರು.

ಆದರೆ ಮನೆಗೆ ಬಂದ ಮೇಲೆ ಶುರುವಾಯಿತು. “ವಾರಕ್ಕೊಂದು ಗುಟುಕಂತೆ! ಹಾಗೆ ಕೊಟ್ರೆ ಯಾವ ಜೀವ ಬದುಕುತ್ತೆ ಹೇಳು? ಯಜಮಾನರು ತಂದ ಗಿಡ ಅಂದ ಮೇಲೆ ಅದಕ್ಕೊಂದು ಮರ್ಯಾದೆ ಬೇಡ್ವಾ?” ಎಂದು, ಮರುದಿನದಿಂದಲೇ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಒಂದು ಚೊಂಬು ನೀರು ಹಿಡಿದು ಎದುರು ಮನೆಗೆ ಹೊರಟರು. ಊರಿನಲ್ಲಿ ತುಳಸಿಗೆ ನಡೆಯುವ ಉಪಚಾರವೆಲ್ಲ ಆ ಜೆರೇನಿಯಂಗೆ ನಡೆಯಿತು. ಕುಂಡವನ್ನು ಕಿಟಕಿಯಿಂದಿಳಿಸಿ ನೆಲದ ನಡುವೆ ಇಟ್ಟು, ಚೊಂಬಿನ ನೀರನ್ನೆಲ್ಲ ಎರೆದು, ಸುತ್ತ ಪ್ರದಕ್ಷಿಣೆ ಹಾಕಿ ಮತ್ತೆ ಕಿಟಕಿಗೇರಿಸುವುದು. ಸಂಜೆಗೆ ಅಕ್ಕಿ ತೊಳೆದ ನೀರು ಬೇರೆ, ಪುಷ್ಟಿಗೆ! ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗಾದ್ದರಿಂದ, ಅಯ್ಯೋ ಇನ್ನೂ ಬಿಸಿಲಿದೆಯಲ್ಲ, ಪಾಪ ಬಾಯಾರಿರುತ್ತೆ ಎಂದು ಊಟವಾದ ಮೇಲೂ ಒಂದು ಲೋಟ.

ಇದೆಲ್ಲ ಇಷ್ಟು ವಿಪರೀತಕ್ಕೆ ಹೋಗಿದೆ ಎಂದು ನನಗೆ ತಿಳಿದದ್ದು, ಒಂದು ಬೆಳಗ್ಗೆ ಅತ್ತೆ ಖಾಲಿ ಚೊಂಬು ಹಿಡಿದು ಬಾಗಿಲಲ್ಲಿ ನಿಂತಾಗ.

“ಗಿಡ ಯಾಕೋ ಸುಸ್ತಾಗಿದೆ ಕಣೇ.”

ಹೋಗಿ ನೋಡಿದೆ. ಸುಸ್ತಲ್ಲ, ಮುಗಿದೇ ಹೋಗಿತ್ತು. ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದಿದ್ದವು. ಕಾಂಡ ಮುಟ್ಟಿದರೆ ಬೆಂದ ಬೆಂಡೆಕಾಯಿಯ ಹಾಗೆ ಕೈಗೇ ಬಂತು. ಕುಂಡದಲ್ಲಿ ಮಣ್ಣಿರಲಿಲ್ಲ, ಕೆಸರಿತ್ತು.

“ಅತ್ತೆ, ಬೇರು ಕೊಳೆತುಹೋಗಿದೆ. ನೀರು ಜಾಸ್ತಿ ಆಗಿ...”

“ನೀರಲ್ಲಿ ಮುಳುಗಿಸಿ ಸಾಯಿಸಿಬಿಟ್ನಾ?” ಎಂದು ಅತ್ತೆ ಗುನ್ನೆಲ್ ಅವರ ಕುರ್ಚಿಯಲ್ಲಿ ಕುಸಿದರು. ನಾಟಕದ ಕೊಲೆಯೂ ನೀರಲ್ಲೇ ಆದದ್ದು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಬೇರೆ ಗಿಡ ತಂದು ಇಟ್ಟುಬಿಡೋಣ ಎಂದದ್ದು ನಾನೇ. ಅತ್ತೆ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಸುಮ್ಮನೆ ಚಪ್ಪಲಿ ಹಾಕಿಕೊಂಡು ಬಂದು ಕಾರಿನಲ್ಲಿ ಕೂತರು. ಗಿಡದಂಗಡಿಗಳನ್ನು ಸುತ್ತಿದ್ದೇ ಸುತ್ತಿದ್ದು. ಒಂದರ ಬಣ್ಣ ಗಾಢ, ಇನ್ನೊಂದರ ಎಲೆ ಚಿಕ್ಕದು. ಅತ್ತೆ ಹೆಣ್ಣು ನೋಡುವವರ ಹಾಗೆ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, “ಇದಲ್ಲ, ಅದರ ಮೂಗು ಹೀಗಿರಲಿಲ್ಲ” ಎನ್ನುತ್ತಿದ್ದರು. ಗಿಡಕ್ಕೆಲ್ಲಿಯ ಮೂಗು! ಸಂಜೆಯ ಹೊತ್ತಿಗೆ ಊರಾಚೆಯ ಅಂಗಡಿಯೊಂದರಲ್ಲಿ ಅದರ ಅವಳಿ ಅನ್ನುವಂಥದ್ದು ಸಿಕ್ಕಿತು. ತಂದು, ಹಳೆಯ ಕುಂಡ ತೊಳೆದು, ಹೊಸ ಗಿಡ ನೆಟ್ಟು ಕಿಟಕಿಯಲ್ಲಿಟ್ಟೆವು. ಸತ್ತದ್ದನ್ನು ಕಾಗದದ ಚೀಲದಲ್ಲಿ ಮುಚ್ಚಿ ಕಸದ ಕೋಣೆಗೆ ಒಯ್ಯುವಾಗ, ಸ್ವೀಡನ್ನಿನಲ್ಲಿ ಹೆಣಕ್ಕೂ ಕಸ ವಿಂಗಡಣೆ ಮಾಡಬೇಕಲ್ಲ ಎಂದುಕೊಂಡೆ. ಕೊಳೆಯುವ ಕಸದ ಡಬ್ಬಕ್ಕೆ ಹಾಕಿ ಬಂದೆ.

“ಅಜ್ಜಿ, ಚಿಲ್! ಯಾರಿಗೂ ಗೊತ್ತಾಗಲ್ಲ” ಎಂದಳು ಮಗಳು.

“ನಾನು ನೋಡಿದೀನಲ್ಲೇ” ಎಂದರು ಅತ್ತೆ. ಕ್ಯಾನು ಇರಲಿಲ್ಲ, ಬಾವಿಯ ದನಿಯೂ ಇರಲಿಲ್ಲ.

ಅವತ್ತಿನಿಂದ ಫೀಕಾದ ಹೊತ್ತಿಗೆ ಕೊಲೆ ನಿಂತಿತು. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಅತ್ತೆ ಮುಟ್ಟುತ್ತಿರಲಿಲ್ಲ. ಹಾಲಿನ ಕ್ಯಾನನ್ನು ಕಪಾಟಿನ ಮೇಲೆ ಬೋರಲು ಹಾಕಿದರು. ನಾನು ಪರೀಕ್ಷೆಗೆಂದೇ ಅವರ ಕಣ್ಣೆದುರು ಬನ್ನು ತಿಂದೆ. ಒಂದು ಮಾತಿಲ್ಲ! ನಮ್ಮವರು ಮೀಟಿಂಗಿನಲ್ಲಿ ಗೊರಕೆಯನ್ನೇ ಹೊಡೆದರು, ಆಗಲೂ ಇಲ್ಲ! ಮನೆ ಬಿಕೋ ಎನ್ನತೊಡಗಿತು. ಇಷ್ಟು ವರ್ಷ ಯಾವ ದನಿ ಒಮ್ಮೆ ನಿಂತರೆ ಸಾಕಪ್ಪ ಅನ್ನುತ್ತಿದ್ದೆನೋ, ಅದು ನಿಂತ ಮೇಲೆ ನನಗೇ ಬನ್ನು ಗಂಟಲಲ್ಲಿ ಇಳಿಯಲಿಲ್ಲ. ಅತ್ತೆ ಸರಿಯಾಗಿ ಉಣ್ಣುತ್ತಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಬೆಚ್ಚಿಬೀಳುತ್ತಿದ್ದರು. ಬಾಲ್ಕನಿಗೆ ಹೋಗುವುದನ್ನೇ ಬಿಟ್ಟರು. ತಲೆ ಒಣಗಿಸಲು ಬಚ್ಚಲುಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಒಂದು ಗಿಡ ಅಮ್ಮ! ಅದಕ್ಕೆ ಹೀಗಾ?” ಎಂದರು ನಮ್ಮವರು.

“ಗಿಡ ಅಲ್ವೋ ಅದು” ಎಂದರು ಅತ್ತೆ. “ನಿಮ್ಮಪ್ಪ ಕೊಡಿಸಿದ್ದ ಕೈಗಡಿಯಾರ ಯಾರಾದರೂ ಕಳೆದುಹಾಕಿ, ಅಂಗಡೀಲಿ ಅಂಥದ್ದೇ ತಂದು ನನ್ನ ಕೈಗೆ ಕಟ್ಟಿದ್ರೆ? ನನಗೆ ಗೊತ್ತಾಗದೇ ಇರಬಹುದು. ಅಷ್ಟಕ್ಕೇ ಸರಿಯಾಗಿಬಿಡುತ್ತಾ?”

ಹೇಳಿಬಿಡಬೇಕು ಎನ್ನುವುದು ಅವರ ಸಂಕಟ. ಹೇಳಿದರೆ ಗುನ್ನೆಲ್ ಅವರಿಗೆ ಗಂಡನೇ ಇನ್ನೊಮ್ಮೆ ಸತ್ತಂತಲ್ಲವೇ ಎನ್ನುವುದು ಇನ್ನೊಂದು ಸಂಕಟ. ವೀಸಾ ಮುಗಿಯುತ್ತಾ ಬಂದಿತ್ತು. ಗುನ್ನೆಲ್ ಬರುವ ಮುಂಚೆಯೇ ಹೊರಟುಬಿಡುತ್ತೇನೆ, ಟಿಕೆಟ್ ಬದಲಾಯಿಸು ಎಂದು ಮಗನ ದುಂಬಾಲು ಬಿದ್ದರು. ಮಾರನೇ ದಿನ, ಹಾಗೆ ಓಡಿಹೋಗೋದು ಕೊಲೆಗಾರರ ಲಕ್ಷಣ, ನಾನು ಹೋಗಲ್ಲ ಎಂದರು.

ಗುನ್ನೆಲ್ ಬಂದದ್ದು ಒಂದು ಮಧ್ಯಾಹ್ನ. ಬಾಗಿಲ ಗಂಟೆ ಬಡಿಯಿತು. ನಾನು ತೆರೆದೆ. ಅತ್ತೆ ನನ್ನ ಹಿಂದೆಯೇ ಇದ್ದರು. ಆ ದಿನ ಲಿಫ್ಟು ಕೆಟ್ಟಿತ್ತು. ಗುನ್ನೆಲ್ ಬೆನ್ನಿಗೊಂದು ಚೀಲ, ಕೈಯಲ್ಲಿ ನಮಗೆಂದು ಕಾಡಿನಿಂದ ಕಿತ್ತು ತಂದ ಬ್ಲೂಬೆರಿ ಹಣ್ಣಿನ ಡಬ್ಬಿ ಹಿಡಿದು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು. ಮುಖವೆಲ್ಲ ಕೆಂಪು, ಏದುಸಿರು. ತಮ್ಮ ಮನೆಯ ಬಾಗಿಲನ್ನೂ ಇನ್ನೂ ತೆರೆದಿರಲಿಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟು, ಗೋಡೆ ಹಿಡಿದು ನಿಂತು ಹೇಳಿದರು: “ಒಂದು ಲೋಟ ನೀರು ಕೊಡುತ್ತೀರಾ?”

ಸ್ವೀಡಿಷ್‌ನಲ್ಲಿ ನೀರಿಗೆ ‘ವತ್ತೆನ್’ ಅನ್ನುತ್ತಾರೆ. ಅತ್ತೆಗೆ ಬರುವ ನಾಲ್ಕು ಮಾತಿನಲ್ಲಿ ಅದೂ ಒಂದು.

ನನ್ನ ಹಿಂದಿನಿಂದ ಕೇಳಿಬಂದದ್ದು ಮಾತಲ್ಲ, ಸ್ಫೋಟ. “ಕೊಂದೆ! ನಾನೇ ಕೊಂದುಬಿಟ್ಟೆ ಗುನ್ನಮ್ಮ! ಚೊಂಬು ಚೊಂಬು ನೀರು ಹುಯ್ದು ಕೊಂದುಬಿಟ್ಟೆ! ಅಲ್ಲಿರೋದು ನಿಮ್ಮ ಯಜಮಾನರ ಗಿಡ ಅಲ್ಲ, ಅಂಗಡಿಯದು!” ಎಂದು, ನಾಟಕದಲ್ಲಿ ಆ ಕೊಲೆಗಾರ ಪೇದೆಯ ಮುಂದೆ ಹೇಳಿದ್ದಕ್ಕಿಂತ ದೊಡ್ಡ ದನಿಯಲ್ಲಿ ಕಿರುಚಿ, ನಮ್ಮ ಚಪ್ಪಲಿಗಳ ನಡುವೆಯೇ ಕೂತು ಗೊಳೋ ಎಂದು ಅತ್ತರು. ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಗುನ್ನೆಲ್ ನನ್ನ ಮುಖ ನೋಡಿದರು. ನಾನು ಹಣ್ಣಿನ ಡಬ್ಬಿ ಎದೆಗವಚಿಕೊಂಡು, ತೊದಲುತ್ತಾ, ಎಲ್ಲವನ್ನೂ ಸ್ವೀಡಿಷ್‌ಗೆ ತಿರುಗಿಸಿದೆ. ಅಂಗಡಿಯಲ್ಲಿ ಹುಡುಕಿದ್ದು, ಕುಂಡ ತೊಳೆದಿಟ್ಟದ್ದು, ಕಸದ ಡಬ್ಬ, ಏನೂ ಬಿಡಲಿಲ್ಲ.

ಗುನ್ನೆಲ್ ತಮ್ಮ ಬಾಗಿಲಿನ ಬೀಗ ತೆಗೆದು, ನಮ್ಮಿಬ್ಬರನ್ನೂ ಒಳಗೆ ಬರುವಂತೆ ಕೈ ಮಾಡಿದರು. ಅಡುಗೆಮನೆಯ ಕಿಟಕಿಯ ಬಳಿ ಹೋಗಿ ಹೊಸ ಗಿಡದ ಎಲೆಯೊಂದನ್ನು ಬೆರಳಲ್ಲಿ ಸವರಿದರು. ಅತ್ತೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ನೋಯುತ್ತಿತ್ತು.

“ಇದು ನನ್ನ ಗಂಡ ತಂದ ಗಿಡ ಅಲ್ಲ, ನಿಜ” ಎಂದರು ಗುನ್ನೆಲ್ ಕೊನೆಗೆ. “ನೀವು ನೀರು ಹಾಕಿದ್ದೂ ಅವರ ಗಿಡಕ್ಕಲ್ಲ. ಅದು ಅವರು ಹೋದ ಚಳಿಗಾಲದಲ್ಲೇ ಸತ್ತಿತು. ನಾನೇ ಸಾಯಿಸಿದೆ. ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ ನಾನು. ಗಿಡ ಕಣ್ಣೆದುರಿಗೇ ಒಣಗುತ್ತಿತ್ತು, ಎದ್ದು ಒಂದು ಲೋಟ ನೀರು ಹಾಕಲಿಲ್ಲ. ಆಮೇಲೆ ಅಂಥದ್ದೇ ಒಂದನ್ನು ತಂದಿಟ್ಟೆ. ಮಕ್ಕಳು ಬಂದಾಗಲೆಲ್ಲ, ಅಪ್ಪನ ಹೂವು ಎಷ್ಟು ಚೆನ್ನಾಗಿದೆ ಅಮ್ಮ ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.”

ನಾನು ಅನುವಾದ ಮಾಡಿ ಮುಗಿಸಿದೆ. ಈಗ ಅತ್ತೆ ನಕ್ಕುಬಿಡುತ್ತಾರೆ, ಕೊಲೆಗಾರ್ತಿಗೆ ಕೊಲೆಗಾರ್ತಿ ಜೊತೆಯಾದಳು ಎಂದು ಹಗುರಾಗುತ್ತಾರೆ ಎಂದುಕೊಂಡೆ. ಅತ್ತೆ ನಗಲಿಲ್ಲ. ನನ್ನ ಕೈ ಬಿಟ್ಟು, ಹೋಗಿ ಗುನ್ನೆಲ್ ಅವರ ಪಕ್ಕ ನಿಂತರು. ನಾನು ಸಾವಿರ ಸಲ ಕೇಳಿದ್ದ ಅದೇ ಮಾತನ್ನು, ಕೊಡವಿಲ್ಲದೆ, ಕ್ಯಾನಿಲ್ಲದೆ, ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು.

“ನಾನು ನೋಡಿದೀನಿ ಗುನ್ನಮ್ಮ. ಎಲ್ಲಾ ನೋಡಿದೀನಿ. ದಿನಾ ಬೆಳಗ್ಗೆ ಎದ್ದು ಕುಂಡ ಬಿಸಿಲಿಗೆ ತಿರುಗಿಸ್ತಿದ್ರಿ. ಒಣಗಿದ ಎಲೆ ಒಂದೊಂದೇ ಬಿಡಿಸ್ತಿದ್ರಿ. ನೀವು ಕಾಫಿ ಕುಡಿದು ಮುಗಿಸೋವರೆಗೂ ಅದರ ಹತ್ರ ಮಾತಾಡ್ತಿದ್ರಿ. ನಾನು ಬಾಲ್ಕನೀಲಿ ನಿಂತು ನೋಡ್ತಿದ್ದೆ. ಸಾಯಿಸಿದವರು ಹಾಗೆಲ್ಲ ಮಾತಾಡಿಸಲ್ಲ.”

ಮನಸ್ಸಾಕ್ಷಿಗೆ ಅನುವಾದದ ಹಂಗಿಲ್ಲ ಅಂದಿದ್ದೆನಲ್ಲ, ಆವತ್ತು ಬೇಕಿತ್ತು. ನನ್ನಿಂದ ಆಗಲಿಲ್ಲ. ‘ಇವರು ನೋಡಿದ್ದಾರಂತೆ’ ಎಂಬಲ್ಲಿಗೆ ನಿಂತೆ. ಉಳಿದದ್ದನ್ನು ಕಣ್ಣೊರೆಸಿಕೊಳ್ಳುತ್ತಾ ತುಂಡು ತುಂಡಾಗಿ ಹೇಳಿದೆ. ಗುನ್ನೆಲ್ ಕಿಟಕಿಯಾಚೆ ನಮ್ಮ ಬಾಲ್ಕನಿಯನ್ನು ಒಮ್ಮೆ ನೋಡಿದರು. ಅಲ್ಲಿ ಅತ್ತೆಯ ಸೀರೆ ಒಣಗುತ್ತಿತ್ತು. ಆಮೇಲೆ ಅವರು ಅತ್ತೆಯ ಭುಜಕ್ಕೆ ಹಣೆ ಹಚ್ಚಿದರು. ಅಪ್ಪಿಕೊಳ್ಳುವುದಕ್ಕೆ ಮುಂಚೆ ಎರಡು ಸಲ ಯೋಚಿಸುವ ಜನ ಇವರು ಎಂದು ಯಾರು ಹೇಳಿದ್ದು?

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, ನಗುತ್ತಾ, “ಈಗಲಾದರೂ ನನಗೆ ನೀರು ಸಿಗುತ್ತದೆಯೇ?” ಎಂದರು ಗುನ್ನೆಲ್.

ಅಯ್ಯೋ, ಕೇಳಿದವರಿಗೆ ಇನ್ನೂ ನೀರೇ ಕೊಟ್ಟಿರಲಿಲ್ಲ! ಅತ್ತೆ ಆ ಅಡುಗೆಮನೆ ತಮ್ಮದೇ ಅನ್ನುವಂತೆ ಕಪಾಟು ತೆಗೆದು, ಇದ್ದುದರಲ್ಲಿ ದೊಡ್ಡ ಲೋಟ ಆರಿಸಿ, ನಲ್ಲಿ ತಿರುಗಿಸಿ ಅಂಚಿನವರೆಗೆ ತುಂಬಿದರು. ಒಂದು ಗುಟುಕು ಸಾಕು ಎಂದು ಯಾರೂ ಹೇಳಲಿಲ್ಲ. ಗುನ್ನೆಲ್ ಅದನ್ನು ಪೂರ್ತಿ ಕುಡಿದು ಮುಗಿಸುವವರೆಗೆ ಅತ್ತೆ ಅವರ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.